ಅಪ್ಪಣೆ ಕೊಟ್ಟವರು

"ಇಬ್ಬರ ಹೆಸರೂ ಇರಬೇಕು," ಎಂದು ಮಂದಣ್ಣ ಬೇಕರಿಯ ಹುಡುಗಿಗೆ ಮತ್ತೊಮ್ಮೆ ಹೇಳಿದ. ಅವಳು ಚಾಕೊಲೇಟ್ ತುಂಬಿದ ಕೊಳವೆ ಹಿಡಿದು, ಹಸಿರು ಹೊದಿಕೆಯ ದುಂಡು ಕೇಕಿನ ಮೇಲೆ ಜಾಗ ಹುಡುಕುತ್ತಿದ್ದಳು. 'ಅಭಿನಂದನೆ, ಸ್ಟೂರೆ' ಎಂದು ಬರೆಯುವುದು ಅವಳಿಗೆ ಸಲೀಸಾಯಿತು. ಮಂದಣ್ಣನ ಹೆಸರನ್ನು ಮಾತ್ರ ಅವನೇ ಒಂದೊಂದೇ ಅಕ್ಷರ ಹೇಳಿ ಬರೆಸಬೇಕಾಯಿತು. ಕೊನೆಯ ಅಕ್ಷರ ಅಂಚಿನಿಂದ ಜಾರಿ ಪಕ್ಕಕ್ಕಿಳಿಯಿತು. ಪರವಾಗಿಲ್ಲ ಎಂದು ಅವನು ನಕ್ಕ. ಆ ದಿನ ಅವನಿಗೆ ಏನಾದರೂ ಪರವಾಗಿರಲಿಲ್ಲ.

ಅವನ ಹೆಂಡತಿ ನೀರಜಾ ಬಾಗಿಲ ಬಳಿ ಕಾರಿನ ಕೀ ಹಿಡಿದು ನಿಂತಿದ್ದಳು. ಮೈಸೂರಿನವಳು, ಮೊಟ್ಟೆ ಒಡೆಯುವಾಗಲೂ ಮುಖ ಆ ಕಡೆ ತಿರುಗಿಸುವವಳು. ಕೋವಿಗೆ ಹೂವಿಟ್ಟು ಪೂಜೆ ಮಾಡುವ ಕೊಡವರ ಮನೆಗೆ ಪ್ರೀತಿಸಿ ಮದುವೆಯಾಗಿ ಬಂದಿದ್ದಳು, ಅದನ್ನು ವಾರಕ್ಕೊಮ್ಮೆಯಾದರೂ ಗಂಡನಿಗೆ ನೆನಪಿಸುತ್ತಿದ್ದಳು.

"ರೀ, ಮೊದ್ಲು ಒಂದು ಫೋನ್ ಮಾಡಿ ಅವ್ರಿಗೆ. ಅವ್ರ ಲೆಟರ್ ಬಂತೋ ಇಲ್ವೋ, ಬಂದಿದ್ರೆ ಏನಂತ ಬಂತೋ."

"ಫೋನ್ ಮಾಡಿದ್ರೆ ಸರ್‌ಪ್ರೈಸ್ ಎಲ್ಲಿ ಉಳಿಯತ್ತೆ? ಒಂದೇ ಕೇಸು, ಒಂದೇ ಕೋರ್ಟು, ಒಂದೇ ದಿನ ಪೋಸ್ಟ್ ಮಾಡಿದ ಅಪ್ಲಿಕೇಶನ್ನು. ನಂಗೆ ಕೊಟ್ಟು ಅವ್ರಿಗೆ ಕೊಡದೆ ಇರ್ತಾರಾ?"

"ಇರಲ್ಲ ಅಂತ ನಾನೂ ಅಂದ್ಕೊಂಡಿದೀನಿ. ಆದ್ರೂ."

"ನಿನ್ನದೊಂದು ಆದ್ರೂ," ಎಂದು ಮಂದಣ್ಣ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಅವರಿದ್ದದ್ದು ಸ್ವೀಡನ್ನಿನಲ್ಲಿ. ಹಿಂದಿನ ದಿನ ಸಂಜೆ ಅವನು ಕಿಸ್ಟಾದ ಆಫೀಸಿನಿಂದ ಸುಂಡ್‌ಬೀಬರ್ಯ್‌ನ ಮನೆಗೆ ಬಂದಾಗ, ಬಾಗಿಲ ಕಿಂಡಿಯಿಂದ ಪೊಲೀಸ್ ಇಲಾಖೆಯ ಲಕೋಟೆ ಒಳಗೆ ಬಿದ್ದಿತ್ತು. ಐದು ವರ್ಷದ ಹಿಂದೆ ಕಿತ್ತುಕೊಂಡಿದ್ದ ಕೋವಿ ಪರವಾನಗಿಯನ್ನು ಮತ್ತೆ ಕೊಟ್ಟಿದ್ದರು. ಮಂದಣ್ಣ ಚಪ್ಪಲಿ ಬಿಡದೆ ನಿಂತಲ್ಲೇ ಓದಿದ. ಓದಿ ಮುಗಿಸಿ ಮೊದಲು ಆಡಿದ ಮಾತು, "ಅಬ್ಬ, ಸ್ಟೂರೆಗೆ ಸಿಕ್ತು" ಎಂದು. ತನಗೆ ಸಿಕ್ಕಿದ್ದು ಅವನಿಗೆ ಆಮೇಲೆ ನೆನಪಾಯಿತು.

ಸ್ಟೂರೆ ಅವನ ಕಂಪನಿಯಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಈಗ ಎಪ್ಪತ್ತಮೂರು. ಉಪ್ಸಾಲಾದಿಂದ ಇನ್ನೂ ಉತ್ತರಕ್ಕೆ, ಕೆರೆಯೊಂದರ ದಂಡೆಯ ಹಳ್ಳಿಯಲ್ಲಿ ಹೆಂಡತಿ ಮಾರ್ಗಿಟ್ ಜೊತೆ ಇರುತ್ತಾರೆ. ಸ್ವೀಡಿಷ್ ಭಾಷೆಯಲ್ಲಿ ಮಂತ್ರಿಯಿಂದ ಹಿಡಿದು ಪೋಸ್ಟಿನವನ ತನಕ ಎಲ್ಲರೂ 'ನೀನು'. ಮಂದಣ್ಣನೂ ಅವರನ್ನು ಹಾಗೇ ಕರೆಯಬೇಕು, ಬೇರೆ ದಾರಿಯಿಲ್ಲ. ಆದರೆ ಅವನ ಮನಸ್ಸಿನಲ್ಲಿ ಅವರು ಒಂದು ದಿನವೂ ಏಕವಚನಕ್ಕೆ ಇಳಿದವರಲ್ಲ, ಈ ಕಥೆಯಲ್ಲೂ ಇಳಿಯುವುದು ಬೇಡ.

ಆಫೀಸಿನ ಊಟದ ಕೋಣೆಯಲ್ಲಿ ಒಂದು ದಿನ, ನಮ್ಮೂರಲ್ಲಿ ಮನೆಗೊಂದು ಕೋವಿ ಇರುತ್ತದೆ, ಅದಕ್ಕೆ ಲೈಸೆನ್ಸ್ ಕೇಳುವವರಿಲ್ಲ ಎಂದು ಮಂದಣ್ಣ ಹೇಳಿದ್ದೇ ಸ್ಟೂರೆಯವರ ಕಿವಿ ನೆಟ್ಟಗಾಗಿತ್ತು. ಅವರು ತಮ್ಮ ಹಳ್ಳಿಯ ಬೇಟೆತಂಡದ ಮುಖಂಡರು. ಅವರೇ ಹಟ ಹಿಡಿದು ಇವನನ್ನು ಬೇಟೆಗಾರರ ಪರೀಕ್ಷೆಗೆ ಕೂರಿಸಿದರು, ರೈಫಲ್ ಆರಿಸಿಕೊಟ್ಟರು, ತಂಡಕ್ಕೆ ಸೇರಿಸಿದರು. ಅಕ್ಟೋಬರಿನಲ್ಲಿ ಮೂಸ್ ಬೇಟೆ. ನಮ್ಮ ಕಡವೆಯ ಎರಡರಷ್ಟಿರುವ ಪ್ರಾಣಿ ಅದು. ಮುಖಂಡ ಹೇಳಿದ ಜಾಗದಲ್ಲಿ ನಿಲ್ಲಬೇಕು, ಅವನು ಹೇಳುವವರೆಗೆ ತೋಟಾ ತುಂಬುವಂತಿಲ್ಲ, ಹಾರಿಸುವ ಮಾತಂತೂ ಇಲ್ಲವೇ ಇಲ್ಲ. ಮಂದಣ್ಣನಿಗೆ ಆ ಶಿಸ್ತು ಮೆಚ್ಚುಗೆಯಾಗಿತ್ತು. ಊರಿನಲ್ಲೂ ಹಿರಿಯರ ಮಾತಿಲ್ಲದೆ ಕೋವಿ ಮುಟ್ಟುವವರು ಯಾರಿದ್ದಾರೆ?

ಎರಡು ಸಾವಿರದ ಎರಡನೇ ಇಸವಿಯ ಬೇಟೆಯಲ್ಲಿ ಅದಾಯಿತು. ಮಧ್ಯಾಹ್ನ ಎಲ್ಲರೂ ಬೇಟೆಮನೆಯ ಅಂಗಳದಲ್ಲಿ ಬೆಂಕಿಯ ಸುತ್ತ ಕೂತು ಕಾಫಿ ಕುಡಿಯುತ್ತಿದ್ದರು. ಊರಿನಿಂದ ಮಂದಣ್ಣನ ದೊಡ್ಡಪ್ಪನ ಮಗ ಫೋನ್ ಮಾಡಿದ. ನಿನ್ನ ಅಪ್ಪ ಹೋಗಿಬಿಟ್ಟರು, ಇವತ್ತೇ ಎಲ್ಲ ಮುಗಿಸುತ್ತೇವೆ, ನೀನು ಬಂದು ಮುಟ್ಟುವುದಾಗುವುದಿಲ್ಲ. ಅಷ್ಟು ಹೇಳಿ ಅವನೂ ಅತ್ತ, ಇವನೂ ಅತ್ತ. ಕೊಡವರಲ್ಲಿ ಸಾವಾದ ಮನೆಯಂಗಳದಿಂದ ಎರಡು ಈಡು ಹಾರಿಸುತ್ತಾರೆ. ಆ ಸದ್ದು ಕೇಳಿದರೆ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಅಪ್ಪನ ಹೆಣವನ್ನಂತೂ ನೋಡಲಾಗಲಿಲ್ಲ, ಅಷ್ಟಾದರೂ ಆಗಲಿ ಎಂದು ಮಂದಣ್ಣನಿಗೆ ಅನ್ನಿಸಿತು. ಅವನು ರೈಫಲ್ ಎತ್ತಿಕೊಂಡು ನೇರ ಸ್ಟೂರೆಯವರ ಮುಂದೆ ಹೋಗಿ, ಬಗ್ಗಿ, ಕೆಸರು ಮೆತ್ತಿದ ಅವರ ರಬ್ಬರ್ ಬೂಟುಗಳನ್ನು ಮುಟ್ಟಿದ. "ನನ್ನ ಅಪ್ಪ ತೀರಿಕೊಂಡರು. ಎರಡು ಹಾರಿಸಬೇಕು. ಅಪ್ಪಣೆ ಕೊಡಿ," ಎಂದ. ತಮ್ಮ ಜನ್ಮದಲ್ಲಿ ಯಾರಿಂದಲೂ ಕಾಲು ಮುಟ್ಟಿಸಿಕೊಳ್ಳದ ಆ ಮನುಷ್ಯ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಇವನ ತಲೆಯ ಮೇಲೆ ಕೈಯಿಟ್ಟು, "ಹಾರಿಸು," ಎಂದರು.

ಊರಿನಲ್ಲಾದರೆ ಜೋಡುನಳಿಗೆ ಕೋವಿ, ಚರೆ ತುಂಬಿದ ತೋಟಾ. ಮೇಲೆ ಹೋದದ್ದು ತಣ್ಣಗಾಗಿ ಹತ್ತಿರದಲ್ಲೇ ಉದುರುತ್ತದೆ. ಇಲ್ಲಿ ಕೈಯಲ್ಲಿದ್ದದ್ದು ಮೂಸ್ ಕೆಡವುವ ರೈಫಲ್. ಆ ಹೊತ್ತಿನಲ್ಲಿ ಅದು ಅವನಿಗೂ ಹೊಳೆಯಲಿಲ್ಲ, ಸ್ಟೂರೆಯವರಿಗೂ ಹೊಳೆಯಲಿಲ್ಲ. ಅವನು ಆಕಾಶಕ್ಕೆ ಹಾರಿಸಿದ ಎರಡರಲ್ಲಿ ಒಂದು ಗುಂಡು ಕೆರೆ ದಾಟಿ ಆಚೆ ದಂಡೆಯ ಮನೆಯೊಂದರ ಗಾಜಿನ ಹಸಿರುಮನೆಯನ್ನು ತೂರಿ ನೆಲಕ್ಕೆ ಹೊಕ್ಕಿತು. ಅಲ್ಲಿ ಒಣಗಿದ ಟೊಮೆಟೊ ಗಿಡ ಕೀಳುತ್ತಿದ್ದಾಕೆ ಕಾಫಿಗೆಂದು ಆಗಷ್ಟೇ ಒಳಗೆ ಹೋಗಿದ್ದಳು. ಊರಿನಲ್ಲಿ ಎರಡು ಈಡು ಕೇಳಿದರೆ ನೆಂಟರಿಷ್ಟರು ಬರುತ್ತಾರೆ. ಇಲ್ಲಿ ಪೊಲೀಸರು ಬಂದರು.

ಅಲ್ಲಿಯವರೆಗಿನದನ್ನು ದುಃಖದಲ್ಲಿ ಆದದ್ದು ಎನ್ನಬಹುದು. ಮುಂದಿನದನ್ನು ಹಾಗೆನ್ನುವಂತಿಲ್ಲ. ಠಾಣೆಯಲ್ಲಿ ವಿಚಾರಣೆಯ ಹೆಂಗಸು ಏನಾಯಿತೆಂದು ಕೇಳಿದಾಗ ಮಂದಣ್ಣ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದ: "ನಾನು ನನ್ನಷ್ಟಕ್ಕೆ ಮಾಡಿದ್ದಲ್ಲ. ಹಿರಿಯರ ಕಾಲು ಮುಟ್ಟಿ ಕೇಳಿದೆ. ಅವರು ಅಪ್ಪಣೆ ಕೊಟ್ಟರು." ಪುಂಡಾಟಕ್ಕೆ ಹಾರಿಸಿದವನಲ್ಲ, ಕ್ರಮ ಬಲ್ಲವನು ಎಂದು ತಿಳಿಯಲಿ ಎಂಬುದು ಅವನ ಲೆಕ್ಕ. ಅಪ್ಪಣೆ ಕೊಟ್ಟವರ ಹೆಸರು ಹೇಳದಿದ್ದರೆ ಅವರಿಗೆ ಅವಮಾನ ಎಂದೂ ಅವನು ನಂಬಿದ್ದ. "ಯಾರು? ತಂಡದ ಮುಖಂಡರೇ?" ಎಂದು ಆಕೆ ಮೆಲ್ಲಗೆ ಕೇಳಿದಳು. "ಹೌದು, ಸ್ಟೂರೆಯವರು," ಎಂದ. ಹೇಳುವಾಗ ಹೆಮ್ಮೆಯಿತ್ತು. 

ಸ್ಟೂರೆಯವರನ್ನು ಕರೆಸಿದರು. ಇಲ್ಲ, ನಾನು ಸಮಾಧಾನಕ್ಕೆ ತಲೆ ಸವರಿದೆ ಅಷ್ಟೆ, ಅಂದಿದ್ದರೆ ಮುಗಿದಿತ್ತು. ಅವರು ಹೌದು ಎಂದರು. ಇಬ್ಬರಿಗೂ ದಂಡವಾಯಿತು, ಇಬ್ಬರ ಕೋವಿಗಳೂ ಹೋದವು. ಮಂದಣ್ಣನದು ಒಂದೇ ರೈಫಲ್, ಮೂರು ವರ್ಷದ ಹಳೆಯ ಹವ್ಯಾಸ. ಸ್ಟೂರೆಯವರದು ಹದಿನೆಂಟನೇ ವಯಸ್ಸಿನಿಂದ ಬಂದದ್ದು. ಅವರ ಮುಖಂಡತನ ಹೋಯಿತು, ಬೇಟೆನಾಯಿಯನ್ನು ಉತ್ತರದ ಯಾರಿಗೋ ಕೊಟ್ಟುಬಿಟ್ಟರು. ಆದರೂ ಈ ಐದು ವರ್ಷದಲ್ಲಿ ಮಂದಣ್ಣನಿಗೆ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ಚಳಿಗಾಲದಲ್ಲಿ, ಮತ್ತೆ ಅರ್ಜಿ ಹಾಕಬಹುದು ಎಂದು ಗೊತ್ತಾದ ದಿನದಿಂದ ಮಂದಣ್ಣ ಅವರ ದುಂಬಾಲು ಬಿದ್ದ. ಬೇಡ, ಬಿಡು, ಅಂದರು. ಇವನು ಬಿಡಲಿಲ್ಲ. ನೀರಜಾಳ ಸ್ವೀಡಿಷ್ ಇವನದಕ್ಕಿಂತ ಚೆನ್ನಾಗಿದ್ದುದರಿಂದ ಇಬ್ಬರ ಅರ್ಜಿಯನ್ನೂ ಅವಳಿಂದಲೇ ತುಂಬಿಸಿ, ಸಹಿಗೆ ತೆಗೆದುಕೊಂಡು ಹೋದ. ಅವತ್ತು ಮಾರ್ಗಿಟ್ ಅಡುಗೆಮನೆಯ ಪಕ್ಕದ ಉಗ್ರಾಣಕ್ಕೆ ಇವನನ್ನು ಕರೆದು, "ಅವನು ಮತ್ತೆ ಕೋವಿ ಕೇಳುವ ಹಾಗೆ ಮಾಡಬೇಡ," ಎಂದಿದ್ದರು. ಹೆಂಗಸರ ಹೆದರಿಕೆ ಎಂದುಕೊಂಡ. ಸ್ಟೂರೆ ಕೊನೆಗೆ ಸಹಿ ಹಾಕಿದರು.

ಹೀಗೆ ಸೆಪ್ಟೆಂಬರಿನ ಆ ಶನಿವಾರ ಕೇಕನ್ನು ತೊಡೆಯ ಮೇಲಿಟ್ಟುಕೊಂಡು, ನೀರಜಾ ಕಾರು ಓಡಿಸುತ್ತಿರಲು, ಮಂದಣ್ಣ ದಾರಿಯುದ್ದಕ್ಕೂ ಮಾತಾಡಿದ. ಸ್ಟೂರೆಗೆ ನಾಯಿಮರಿ ಹುಡುಕಬೇಕು. ಮೊದಲ ದಿನ ಇಬ್ಬರೂ ಅಕ್ಕಪಕ್ಕದ ಜಾಗದಲ್ಲಿ ನಿಲ್ಲಬೇಕು. ಈಗಿನ ಮುಖಂಡನಿಗೆ ಹೇಳಿ ಮೊದಲ ಈಡು ಅವರಿಂದಲೇ ಹೊಡೆಸಬೇಕು. ನೀರಜಾ, "ಮೂಸಿಗೂ ಒಂದು ಮಾತು ಹೇಳಿಟ್ಟಿರಿ," ಎಂದಳು.

ಬಾಗಿಲು ತೆರೆದದ್ದು ಮಾರ್ಗಿಟ್. ಡಬ್ಬಿ ನೋಡಿದರು, ಮಂದಣ್ಣನ ಮುಖ ನೋಡಿದರು. ಬನ್ನಿ ಎಂದರು. ಅವರ ದನಿ ನೀರಜಾಳಿಗೆ ಆಗಲೇ ಸರಿಯೆನ್ನಿಸಲಿಲ್ಲ, ಗಂಡನ ಕೋಟಿನ ತೋಳು ಜಗ್ಗಿದಳು. ಮಂದಣ್ಣ ಎಲ್ಲಿ ನಿಲ್ಲುತ್ತಾನೆ?

"ಎಲ್ಲಿ ನಮ್ಮ ಬೇಟೆಗಾರರು?" ಎನ್ನುತ್ತಲೇ ಒಳಗೆ ನಡೆದ.

ಸ್ಟೂರೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕಾಡಿನಿಂದ ತಂದ ಕೆಂಪು ಲಿಂಗಾನ್ ಹಣ್ಣಿನಲ್ಲಿ ಸೇರಿದ್ದ ಎಲೆ, ಕಡ್ಡಿ ಆರಿಸುತ್ತಿದ್ದರು. ನಮ್ಮಲ್ಲಿ ಅಕ್ಕಿ ಆರಿಸುವ ಹಾಗೆ, ಒಂದು ಹಿಡಿ ಮುಂದಕ್ಕೆ ಹರಡುವುದು, ನೋಡುವುದು, ಪಕ್ಕಕ್ಕೆ ತಳ್ಳುವುದು. ಎದ್ದು ಕೈ ಕುಲುಕಿದರು. ಮಂದಣ್ಣ ಮೇಜಿನ ಮೂಲೆಯಲ್ಲಿ ಜಾಗ ಮಾಡಿ ಡಬ್ಬಿ ತೆರೆದ. ಸ್ಟೂರೆ ಕನ್ನಡಕ ಹಾಕಿಕೊಂಡು ಕೇಕಿನ ಮೇಲಿದ್ದದ್ದನ್ನು ಮಗ್ಗಿ ಓದುವವರಂತೆ ಜೋರಾಗಿ ಓದಿದರು.

"ನಿನ್ನ ಪತ್ರ ಬಂತೇನು?"

"ನಿನ್ನೆ ಬಂತು. ಕೊಟ್ಟರು, ಸ್ಟೂರೆ. ಕೊಟ್ಟೇಬಿಟ್ಟರು."

"ಒಳ್ಳೆಯದಾಯಿತು." ಅವರು ನಿಜವಾಗಿಯೂ ಸಂತೋಷದಿಂದ ಅಂದರು. "ಮಾರ್ಗಿಟ್, ತಟ್ಟೆ ತಾ. ಒಳ್ಳೆಯ ಕೇಕು, ಕಾಫಿಯಿಲ್ಲದೆ ತಿನ್ನಬಾರದು." ಚಾಕು ತೆಗೆದುಕೊಂಡು ಮೊದಲು ಮಂದಣ್ಣನ ಹೆಸರಿದ್ದ ಭಾಗವನ್ನು ಕತ್ತರಿಸಿ ಅವನ ಮುಂದಿಟ್ಟರು.

"ನಿಮ್ಮದು?" ಎಂದು ಕೇಳಿದ ಮಂದಣ್ಣ. ಕೇಳುತ್ತಿದ್ದ ಹಾಗೇ ಅವನಿಗೆ ಉತ್ತರ ಗೊತ್ತಾಯಿತು. ಆದರೆ ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳುವುದು ಹೇಗೆ?

"ಮಂಗಳವಾರ ಬಂತು," ಎಂದರು ಸ್ಟೂರೆ. "ಇಲ್ಲ ಅಂದಿದ್ದಾರೆ."

ಯಾರೂ ತಟ್ಟೆ ಮುಟ್ಟಲಿಲ್ಲ. ನೀರಜಾ, "ಏನು ಕಾರಣ ಕೊಟ್ಟಿದ್ದಾರೆ?" ಎಂದು ಕೇಳಿದಳು. ಅರ್ಜಿ ಬರೆದವಳು ಅವಳೇ ಆದ್ದರಿಂದ ಅವಳಿಗೆ ತನ್ನ ಕೈಯಲ್ಲೇನಾದರೂ ತಪ್ಪಾಯಿತೇ ಎಂಬ ದಿಗಿಲು.

"ನೀನು ಚೆನ್ನಾಗಿಯೇ ಬರೆದಿದ್ದೆ," ಎಂದು ಸ್ಟೂರೆ ಅವಳಿಗೆ ಸಮಾಧಾನ ಹೇಳಿದರು. "ಕಾರಣ ಏನಿರುತ್ತದೆ. ಮುಖಂಡನಾಗಿದ್ದವನು ನಾನು. ಎಲ್ಲರ ಸುರಕ್ಷತೆ ನನ್ನ ಮೇಲಿತ್ತು. ಮಂದಣ್ಣ ದುಃಖದಲ್ಲಿದ್ದ, ಅದೂ ಮುಖಂಡನ ಮಾತಿನ ಮೇಲೆ ಹಾರಿಸಿದ, ಹಾಗಾಗಿ ಅವನ ಮೇಲೆ ಮತ್ತೆ ಭರವಸೆ ಇಡಬಹುದು. ಅಪ್ಪಣೆ ಕೊಟ್ಟವನ ಮೇಲೆ ಇಡುವುದು ಕಷ್ಟ. ನಾನು ಆ ಕುರ್ಚಿಯಲ್ಲಿ ಕೂತಿದ್ದರೂ ಹೀಗೇ ಬರೆಯುತ್ತಿದ್ದೆನೋ ಏನೋ."

ಮಂದಣ್ಣನ ಕಿವಿ ಬಿಸಿಯಾಯಿತು. ಅಂದರೆ ತನ್ನನ್ನು ಎತ್ತಿದ್ದು, ಅವರನ್ನು ಕೆಡವಿದ್ದು ಎರಡೂ ಅದೇ ಮಾತು. ಐದು ವರ್ಷದ ಹಿಂದೆ ಬೆನ್ನು ನೆಟ್ಟಗೆ ಮಾಡಿ ತಾನಾಡಿದ ಮಾತು.

"ಅಪೀಲು ಹೋಗೋಣ," ಎಂದ. "ನಾನೇ ಬಂದು ಹೇಳುತ್ತೇನೆ. ಆ ದಿನ ನನ್ನ ಸ್ವೀಡಿಷ್ ಅಷ್ಟಕ್ಕಷ್ಟೇ, ನೀವು ಅಂದದ್ದನ್ನು ನಾನು ತಪ್ಪು ತಿಳಿದೆ ಅಂತ. ನೀವು ಬರೀ ಸಮಾಧಾನ ಹೇಳಿದಿರಿ ಅಂತ. ನನ್ನದು ಹೋದರೆ ಹೋಗಲಿ."

"ನಾನು ಹಾರಿಸು ಅಂದೆ."

"ಅಂದಿರಿ. ಅದು ನನಗೆ ಗೊತ್ತು, ನಿಮಗೆ ಗೊತ್ತು."

"ಅಂದಮೇಲೆ ಮುಗಿಯಿತಲ್ಲ." ಸ್ಟೂರೆ ಹಣ್ಣಿನ ರಾಶಿಯಿಂದ ಒಂದು ಎಲೆ ಎತ್ತಿ ಪಕ್ಕಕ್ಕಿಟ್ಟರು. "ಇಪ್ಪತ್ತು ವರ್ಷಕ್ಕೂ ಮೇಲೆ ಮುಖಂಡನಾಗಿದ್ದೆ. ಎಲ್ಲಿ ನಿಲ್ಲಲಿ ಅಂತ ಕೇಳಿದ್ದಾರೆ, ಕಾರು ಎಲ್ಲಿ ನಿಲ್ಲಿಸಲಿ ಅಂತ ಕೇಳಿದ್ದಾರೆ, ಕಕ್ಕಸು ಎಲ್ಲಿದೆ ಅಂತ ಕೇಳಿದ್ದಾರೆ. ಅಪ್ಪ ಸತ್ತ, ನೀನು ಹೂಂ ಅನ್ನು ಅಂತ ಕೇಳಿದವನು ನೀನೊಬ್ಬ. ನಾನು ಹೂಂ ಅಂದೆ. ಈಗ ಒಂದು ಮೂಸಿಗಾಗಿ ಅನ್ನಲಿಲ್ಲ ಅಂತ ಹೇಳಲಾ?"

 ಇದಕ್ಕೆ ಉತ್ತರ ಕೊಟ್ಟದ್ದು ಮಾರ್ಗಿಟ್. ಅವರು ಒಲೆಯ ಪಕ್ಕ ಕಾಫಿ ಪಾತ್ರೆ ಹಿಡಿದು ನಿಂತಿದ್ದವರು, ಅದನ್ನು ಕೆಳಗಿಟ್ಟರು.

"ನೀವಿಬ್ಬರೂ ದೊಡ್ಡ ಮನುಷ್ಯರು," ಎಂದರು. ಗಟ್ಟಿಯಾಗಿ ಅನ್ನಲಿಲ್ಲ. "ಒಬ್ಬ ಕೇಳಿದ, ಒಬ್ಬ ಕೊಟ್ಟ. ನನ್ನನ್ನು ಕೇಳಿದವರು ಯಾರೂ ಇಲ್ಲ. ಮೊದಲ ಎರಡು ವರ್ಷ ಇವನು ಅಕ್ಟೋಬರಿನಲ್ಲಿ ಆ ಕಿಟಕಿಯ ಹತ್ತಿರದಿಂದ ಏಳುತ್ತಿರಲಿಲ್ಲ. ಮೂರನೇ ವರ್ಷ ಎದ್ದು ಸೌದೆ ಒಡೆದ. ಹೋದ ವರ್ಷ ನನ್ನ ಜೊತೆ ಅಕ್ಕನ ಮನೆಗೆ ಬಂದ, ಬೇಟೆ ಶುರುವಾಯಿತು ಅನ್ನುವುದನ್ನೇ ಮರೆತಿದ್ದ. ಮರೆತಿದ್ದ, ಮಂದಣ್ಣ. ಆಮೇಲೆ ನೀನು ಆ ಕಾಗದ ತಂದೆ."

"ಮಾರ್ಗಿಟ್," ಎಂದರು ಸ್ಟೂರೆ.

"ಹೇಳುತ್ತೇನೆ, ಇರು. ಸಹಿ ಹಾಕಿದ ಮರುದಿನ ಖಾಲಿ ಕೋವಿ ಬೀರುವಿಗೆ ಬಣ್ಣ ಬಳಿದ. ಕಣ್ಣು ಪರೀಕ್ಷೆ ಮಾಡಿಸಿದ. ಕಾಡಿಗೆ ಹೋಗಿ ತನ್ನ ಹಳೆಯ ಅಟ್ಟಣೆಯ ಮೆಟ್ಟಿಲಿಗೆ ಮೊಳೆ ಹೊಡೆದು ಬಂದ, ಈ ವಯಸ್ಸಿನಲ್ಲಿ. ಬೇಸಿಗೆಯಿಡೀ ಶಿಳ್ಳೆ ಹಾಕಿಕೊಂಡು ಓಡಾಡಿದ. ಕೋವಿ ಹೋದದ್ದಕ್ಕೆ ನಾನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡವಳಲ್ಲ. ಆದರೆ ಇದಕ್ಕೆ ನನಗೆ ಸಿಟ್ಟಿದೆ."

ಅಷ್ಟು ಹೇಳಿ ಅವರು ಎಲ್ಲರಿಗೂ ಕಾಫಿ ಬಗ್ಗಿಸಿದರು. ಮಂದಣ್ಣ ತನ್ನ ಹೆಸರಿನ ತುಂಡನ್ನು ತಿಂದ, ತಿನ್ನದೆ ಇರುವುದು ಹೇಗೆಂದು ತಿಳಿಯದೆ. ಸ್ಟೂರೆಯವರು ಎರಡನೇ ತುಂಡು ಹಾಕಿಸಿಕೊಂಡು, ನೀರಜಾಳನ್ನು ಅವಳ ಲ್ಯಾಬಿನ ಕೆಲಸದ ಬಗ್ಗೆ ವಿಚಾರಿಸಿದರು. ಹೊರಡುವಾಗ ಒಂದು ಡಬ್ಬಿ ಹಣ್ಣು ಕೊಟ್ಟು, ಸಕ್ಕರೆ ಹೆಚ್ಚು ಹಾಕಬಾರದು ಎಂದು ಹೇಳಿ ಕಳಿಸಿದರು.

ಕಾರು ಹೆದ್ದಾರಿಗೆ ಸೇರಿತು.

"ಅಪ್ಲಿಕೇಶನ್ ಬರ್ದಿದ್ದು ನಾನು," ಎಂದಳು ನೀರಜಾ. "ನಂದೂ ಪಾಲಿದೆ ಇದ್ರಲ್ಲಿ."

"ನಿಂದೇನಿಲ್ಲ. ನಾನು ಹೇಳ್ದೆ, ನೀನು ಬರ್ದೆ."

"ಅವತ್ತು ಸ್ಟೇಶನ್ನಲ್ಲಿ ಅವ್ರ ಹೆಸ್ರು ಹೇಳೋ ಮುಂಚೆ ನಿಮಗೆ ಒಂಚೂರೂ ಹೊಳೀಲಿಲ್ವಾ?"

ಐದು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಇದೇ ಮೊದಲು. ಮಂದಣ್ಣ ಕಿಟಕಿಯ ಆಚೆ ಕೊಯ್ಲಾದ ಹೊಲಗಳನ್ನು ನೋಡುತ್ತಾ ಹೇಳಿದ: "ನಮ್ಮೂರಲ್ಲಾಗಿದ್ರೆ ಹೆಸ್ರು ಹೇಳದೆ ಇದ್ದಿದ್ರೇ ತಪ್ಪಾಗ್ತಿತ್ತು ಕಣೆ. ಅಪ್ಪಣೆ ಕೊಟ್ಟೋರನ್ನ ಬಚ್ಚಿಟ್ರೆ, ನಾಚ್ಕೆ ಪಟ್ಕೊಂಡ ಹಾಗೆ. ನಾನು ಅವ್ರಿಗೆ ಮರ್ಯಾದೆ ಕೊಟ್ಟೆ ಅಂದ್ಕೊಂಡೆ."

"ಅವ್ರೂ ಹಾಗೇ ಅಂದ್ಕೊಂಡಿದಾರೆ ಪಾಪ."

"ಅದೇ ನನ್ನ ಕೊಲ್ತಿರೋದು," ಎಂದ ಮಂದಣ್ಣ.  ನೀರಜಾ ಬಲಗೈ ಚಾಚಿ ಅವನ ಮೊಣಕಾಲ ಮೇಲಿಟ್ಟಳು, ಸ್ವಲ್ಪ ದೂರ ಒಂದೇ ಕೈಯಲ್ಲಿ ಓಡಿಸಿದಳು.

ಅಪೀಲಿನ ಗಡುವು ಮುಗಿಯುವವರೆಗೆ ಮಂದಣ್ಣ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಸ್ಟೂರೆ ಹವಾಮಾನದ ಮಾತಾಡಿ ಇಟ್ಟರು. ಬೇಟೆತಂಡದ ಹೊಸ ಮುಖಂಡ ಮಾತ್ರ ತಾನಾಗಿ ಫೋನ್ ಮಾಡಿ, ಸ್ಟೂರೆ ಹೇಳಿದ್ದಾರೆ, ಅವರ ಹಳೆಯ ಅಟ್ಟಣೆ ನಿನಗೆ ಬಿಟ್ಟಿದ್ದೇವೆ, ಸೋಮವಾರ ಬೆಳಿಗ್ಗೆ ಬಾ, ಎಂದ. ಮಂದಣ್ಣ ಆಗಲಿ ಎಂದ. ಆದರೆ ರೈಫಲ್ ಕೊಳ್ಳಲು ಹೋಗಲಿಲ್ಲ. ಶನಿವಾರ ಅಂಗಡಿಯವರೆಗೆ ಹೋಗಿ, ಗಾಜಿನಾಚೆ ಸಾಲಾಗಿ ನಿಲ್ಲಿಸಿದ್ದನ್ನು ನೋಡಿ, ಪಕ್ಕದ ಅಂಗಡಿಯಲ್ಲಿ ಹಾಲು ತೆಗೆದುಕೊಂಡು ಮನೆಗೆ ಬಂದ. ನೀರಜಾ ಹಾಲನ್ನು ಫ್ರಿಜ್ಜಿನಲ್ಲಿಟ್ಟಳು. ಅಂಥ ಸಮಯದಲ್ಲಿ ಅವಳ ನಾಲಿಗೆ ಅವಳ ಹಿಡಿತದಲ್ಲಿರುತ್ತದೆ.

ಅಕ್ಟೋಬರಿನ ಆ ಸೋಮವಾರ ಅವನು ಆಫೀಸಿಗೆ ರಜ ಹಾಕಿ, ಬೆಳಕು ಹರಿಯುತ್ತಿದ್ದ ಹಾಗೆ ಸ್ಟೂರೆಯವರ ಮನೆ ತಲುಪಿದ. ಹಳ್ಳಿಯ ದಾರಿಯಲ್ಲಿ ಕಿತ್ತಳೆ ಬಣ್ಣದ ಟೋಪಿಯವರು ಕಾ‍ರುಗಳಿಂದ ಇಳಿಯುತ್ತಿದ್ದರು, ನಾಯಿಗಳು ಹಗ್ಗ ಜಗ್ಗುತ್ತಿದ್ದವು. ಒಬ್ಬ ಇವನನ್ನು ಗುರುತಿಸಿ ಕೈಯೆತ್ತಿದ. ಮಂದಣ್ಣ ಕೈಯೆತ್ತಿ ಮುಂದೆ ಹೋದ.

ಮಾರ್ಗಿಟ್ ಬಾಗಿಲು ತೆರೆದು, ಅವನ ಖಾಲಿ ಕೈಗಳನ್ನು ನೋಡಿದರು. ಕೋಟು ತೆಗೆಯಲು ನೆರವಾದರು. ಹೋದ ತಿಂಗಳ ಸಿಟ್ಟು ಹೋಗಿತ್ತೆಂದಲ್ಲ, ಆದರೆ ಅವರು ಸರಿದು ದಾರಿ ಬಿಟ್ಟರು.

ಸ್ಟೂರೆ ಅಡುಗೆಮನೆಯ ಕಿಟಕಿಯ ಹತ್ತಿರ, ಕುರ್ಚಿಯನ್ನು ಕಾಡಿನ ಕಡೆ ತಿರುಗಿಸಿ ಕೂತಿದ್ದರು. ಕಿಟಕಿಯನ್ನು ಒಂದು ಗೇಣು ತೆರೆದಿಟ್ಟಿದ್ದರು. ಒಳಗೆ ಚಳಿ ತುಂಬಿತ್ತು.

"ನೀನೇನು ಇಲ್ಲಿ? ಅಟ್ಟಣೆ ಹತ್ತಬೇಕಾದ ಹೊತ್ತು ಇದು."

"ಕೋವಿ ಇನ್ನೂ ಕೊಂಡಿಲ್ಲ, ಸ್ಟೂರೆ."

"ಕೊಳ್ಳಲಿಲ್ಲವೇಕೆ?"

"ಆಗಲಿಲ್ಲ."

ಅವರು ಇವನನ್ನು ಸ್ವಲ್ಪ ಹೊತ್ತು ನೋಡಿದರು. ಬೈಯುತ್ತಾರೆಂದು ಮಂದಣ್ಣ ಕಾದ, ಬೈಯಲಿ ಎಂದೇ ಕಾದ. "ಹಾಗಾದರೆ ಕೂತುಕೋ," ಎಂದರು. ಅವನು ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಹೊರಗೆ ಹುಲ್ಲುಗಾವಲಿನ ಮೇಲೆ ಮಂಜು ನಿಂತಿತ್ತು, ಅದರಾಚೆ ಕಾಡಿನ ಅಂಚು ಮಾತ್ರ ಕಾಣುತ್ತಿತ್ತು. ಸ್ಟೂರೆ ಮೆಲುದನಿಯಲ್ಲಿ ವಿವರಿಸತೊಡಗಿದರು. ಈಗ ನಾಯಿ ಬಿಟ್ಟಿರುತ್ತಾರೆ. ಗಾಳಿ ಕೆರೆಯ ಕಡೆಯಿಂದ ಬರುತ್ತಿದೆ, ಅಂದರೆ ಪ್ರಾಣಿ ಮೇಲಿನ ಜೌಗಿನಿಂದ ಇಳಿಯಬೇಕು. ಅದು ಇಳಿದರೆ ಬರ್ಚ್ ಮರಗಳ ಸಾಲಿನಲ್ಲೇ ಇಳಿಯುತ್ತದೆ, ಅಲ್ಲಿ ನಿಂತವನು ಆತುರ ಪಡಬಾರದು. ಹೇಳುತ್ತ ಹೇಳುತ್ತ ಅವರು ಮುಂದಕ್ಕೆ ಬಾಗಿದರು, ಕೈ ಕಿಟಕಿಯ ಚೌಕಟ್ಟನ್ನು ಹಿಡಿದಿತ್ತು.

ಆಗ ಈಡು ಕೇಳಿಸಿತು. ದೂರದಲ್ಲಿ, ಮಂಜಿನಾಚೆ, ಒಂದೇ ಒಂದು. ಅದರ ಹಿಂದೆಯೇ ನಾಯಿಯ ಬೊಗಳು. ಮಂದಣ್ಣ ಎದ್ದುಬಿಡುವಷ್ಟರಲ್ಲಿ ಸ್ಟೂರೆಯವರ ಮುಖ ನೋಡಿದ. ಅವರು ಇನ್ನೂ ಬರ್ಚ್ ಮರಗಳ ಸಾಲನ್ನೇ ಹೇಳುತ್ತಿದ್ದರು. ಅವರಿಗೆ ಕೇಳಿಸಿರಲಿಲ್ಲ.

ಮಂದಣ್ಣ ತಿರುಗಿದ. ಮಾರ್ಗಿಟ್ ಬಟ್ಟಲು ಒರೆಸುತ್ತಿದ್ದ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟು ದಿನದಿಂದಲೋ.

"ಇನ್ನೂ ಯಾಕೆ ಶುರುವಾಗಿಲ್ಲ?" ಎಂದರು ಸ್ಟೂರೆ. "ನಿನಗೇನಾದರೂ ಕೇಳಿಸಿತೇ?"

"ಇಲ್ಲ," ಎಂದ ಮಂದಣ್ಣ. "ಇನ್ನೂ ಇಲ್ಲ."

"ಮಂಜು ಇದೆಯಲ್ಲ. ಕಾಯುತ್ತಿದ್ದಾರೆ. ನಾನಿದ್ದರೂ ಕಾಯಿಸುತ್ತಿದ್ದೆ."

ಮಾರ್ಗಿಟ್ ಒಳಗಿನಿಂದ ಉಣ್ಣೆಯ ಶಾಲು ತಂದು ಗಂಡನ ಹೆಗಲ ಮೇಲೆ ಹೊದಿಸಿ, ತುದಿಗಳನ್ನು ಎದೆಯ ಹತ್ತಿರ ಒತ್ತಿ ಸೇರಿಸಿದರು. ಕಿಟಕಿ ಮುಚ್ಚಲಿಲ್ಲ.